ಅರವತ್ತರ ನಂತರ ನಾನು ಬರೆದುಕೊಂಡ ಗುರಿ

ಖಜಾನೆ ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದಷ್ಟು ಕಾಲವೂ ‘ಗುರಿ’ ಎಂಬ ಮಾತು ನನ್ನ ಕಿವಿಗೆ ಬೀಳುತ್ತಿದ್ದದ್ದು ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಬಿಲ್ಲುಗಳ ರಾಶಿಯ ನಡುವೆ. ಅದನ್ನು ಗೊತ್ತುಮಾಡುತ್ತಿದ್ದವರು ಮೇಲಿನವರು, ಮುಟ್ಟಿಸಬೇಕಾದವರು ನಾವು. 60 ತುಂಬಿ ಮನೆಗೆ ಬಂದ ಮೇಲೆ ಗೊತ್ತುಮಾಡುವ ಕೆಲಸವೂ ನನ್ನ ಪಾಲಿಗೇ ಬಂದಿತು. ಆ ಕೆಲಸದ ಅಭ್ಯಾಸ ನನಗೆ ಎಳ್ಳಷ್ಟೂ ಇರಲಿಲ್ಲ.

ಮೊದಲ ಜನವರಿಯಲ್ಲಿ ಮಗಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ 9 ಸಂಕಲ್ಪಗಳನ್ನು ಬರೆದೆ. 8 ಕಿಲೋ ತೂಕ ಇಳಿಸುವುದು, ಸಂಸ್ಕೃತ ಕಲಿಯುವುದು, ಕಾಶಿಗೆ ಹೋಗಿಬರುವುದು, ಹೀಗೆ. ಯುಗಾದಿಯ ಹೊತ್ತಿಗೆ ಉಳಿದದ್ದು ಹಾಳೆ ಮಾತ್ರ. ಸೋಮಾರಿತನವೇ ಕಾರಣವೆಂದು ಕೆಲವು ದಿನ ನನ್ನನ್ನೇ ಬೈದುಕೊಂಡೆನಾದರೂ, ಪಟ್ಟಿಯನ್ನು ಮತ್ತೆ ಓದಿದಾಗ ತೂಕ ಡಾಕ್ಟರರದು, ಸಂಸ್ಕೃತ ಭಾವನವರದು, ಕಾಶಿ ಎದುರುಮನೆಯವರದು ಎಂಬುದು ಸ್ಪಷ್ಟವಾಯಿತು. ಆಗ ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆಯನ್ನಿಟ್ಟೆ: ಇದನ್ನು ನಾನು ಮಾಡಿದೆನೆಂದು ಯಾರಿಗೂ ತಿಳಿಯದೇ ಹೋದರೂ ಮಾಡುವೆನೇ? ಎಂಟಕ್ಕೆ ಗೀಟು ಎಳೆದೆ. ಉಳಿದದ್ದು, ಹಾಳೆ ತುಂಬಲೆಂದು ಕೊನೆಯಲ್ಲಿ ಬರೆದಿದ್ದ ‘ಹಕ್ಕಿಗಳ ಹೆಸರು ತಿಳಿಯುವುದು’ ಎಂಬ ಸಾಲು. (ತೂಕದ ಸಾಲಿಗೆ ಗೀಟು ಎಳೆದದ್ದನ್ನು ಡಾಕ್ಟರರಿಗೆ ಇಂದಿಗೂ ಹೇಳಿಲ್ಲ.)

ಆದರೆ ಕಚೇರಿಯ ಬುದ್ಧಿ ಅಷ್ಟು ಸುಲಭವಾಗಿ ಬಿಡಲಿಲ್ಲ. ‘ವರ್ಷದೊಳಗೆ 100 ಜಾತಿ’ ಎಂದು ಅಂಕಿಯನ್ನು ಸೇರಿಸಿಬಿಟ್ಟೆ. ಹೆಚ್ಚು ದೊಡ್ಡದಾಗಿ ಕಂಡರೆ ಹೆಚ್ಚು ಒಳ್ಳೆಯದೆಂದು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ 10x50 ದುರ್ಬೀನು ಕೊಂಡೆ. ಅದರ ಭಾರಕ್ಕೆ ನನ್ನ ಕೈ ನಡುಗಿ, ಆ ನಡುಕವೂ ಹತ್ತು ಪಟ್ಟಾಗಿ, ಕೊಂಬೆಯ ಮೇಲೆ ಸುಮ್ಮನೆ ಕುಳಿತ ಮಿಂಚುಳ್ಳಿ ಕುಣಿಯುವಂತೆ ಕಾಣುತ್ತಿತ್ತು. ಈಗ ಇರುವುದು ಎಂಟು ಪಟ್ಟಿನ 8x42. ನನ್ನ ವಯಸ್ಸಿನವರು ಅದಕ್ಕಿಂತ ಮೇಲಕ್ಕೆ ಹೋಗದಿರುವುದು ಲೇಸು.

ಅಂಕಿಯ ಬೆನ್ನು ಹತ್ತಿ, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿಗೆ ಹೋದೆ. ಪಟ್ಟೆತಲೆ ಹೆಬ್ಬಾತು ಬಂದಿದೆಯೆಂದು ತಿಳಿದು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಓಡಿದೆ. ಹಿಮಾಲಯವನ್ನು ದಾಟಿ ಬಂದ ಆ ಹಕ್ಕಿಯನ್ನು ನಾನು ನೋಡಿದ್ದು ಮೂರು ನಿಮಿಷವೂ ಇರಲಾರದು; ಹೆಸರು ಬರೆದುಕೊಂಡು, ಬಿಸಿಲೇರುವ ಮುನ್ನ ಮುಂದಿನ ಕೆರೆಗೆ ಹೊರಟಿದ್ದೆ. ಡಿಸೆಂಬರಿನಲ್ಲಿ ಲೆಕ್ಕ 104 ಆಯಿತು. ಅವುಗಳ ಪೈಕಿ ಯಾವುದಾದರೂ ಒಂದು ಹಕ್ಕಿ ಏನು ಮಾಡುತ್ತಿತ್ತೆಂದು ಹೆಂಡತಿ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಅವಳು ಅದೇ ವರ್ಷ, ತನ್ನ 57ರಲ್ಲಿ, ಯಾವ ಹಾಳೆಯಲ್ಲಿಯೂ ಬರೆಯದೆ ಸ್ಕೂಟರ್ ಕಲಿತಿದ್ದಳು.

ಎರಡನೆಯ ವರ್ಷ ಬರೆದ ಸಾಲು ಹೀಗಿತ್ತು: ‘ಕುಕ್ಕರಹಳ್ಳಿ ಕೆರೆ, ವಾರಕ್ಕೆ ಮೂರು ಬೆಳಿಗ್ಗೆ, ಒಂದು ಗಂಟೆ, ಒಂದೇ ಹಕ್ಕಿ.’ ಮೈಸೂರಿನ ಮನೆಯಿಂದ ನಡೆದೇ ಹೋಗಬಹುದಾದ ಕೆರೆಯದು. 100 ಜಾತಿ ಎಂಬ ಗುರಿ ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ಡಿಸೆಂಬರಿನವರೆಗೆ ಕಾಯಬೇಕಿತ್ತು, ಅದೂ ಅರ್ಧ ಹಕ್ಕಿಗಳ ಕೈಯಲ್ಲಿತ್ತು. ಈ ಗುರಿಯಾದರೋ ಬೆಳಗಿನ ಎಂಟು ಗಂಟೆಗೇ ಇತ್ಯರ್ಥವಾಗುತ್ತಿತ್ತು, ಪೂರ್ತಿಯಾಗಿ ನನ್ನ ಕೈಯಲ್ಲಿತ್ತು. ಮಳೆಗೋ ಮದುವೆಮನೆಗೋ ತಪ್ಪಿದ ದಿನವನ್ನು ಮುಂದಿನ ವಾರಕ್ಕೆ ಬಾಕಿ ಎಂದು ಎಳೆದುಕೊಂಡು ಹೋಗಬಾರದೆಂಬ ನಿಯಮವನ್ನೂ ಮಾಡಿಕೊಂಡೆ, ಏಕೆಂದರೆ ಬಾಕಿ ಏರಿದ ಖಾತೆಯನ್ನು ತೆರೆದು ನೋಡಲು ಯಾರಿಗೂ ಮನಸ್ಸಾಗುವುದಿಲ್ಲವೆಂಬುದನ್ನು ಕಚೇರಿಯಲ್ಲಿಯೇ ಕಂಡಿದ್ದೆ.

ಆ ವರ್ಷ ನನಗೆ ಒಲಿದದ್ದು ಗುಳುಮುಳುಕ, ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ, ನೋಡುನೋಡುತ್ತಲೇ ಮುಳುಗಿ ಬೇರೆಲ್ಲೋ ಏಳುವ ಹಕ್ಕಿ. ಅದರ ಗೂಡು ನೀರಿನ ಮೇಲೆ ತೇಲುವ ಕಳೆಯ ಗುಪ್ಪೆ. ಒಂದು ಬೆಳಿಗ್ಗೆ, ಹದ್ದಿನ ನೆರಳು ಹಾಯ್ದಾಗ, ತಾಯಿ ಎದ್ದು ಓಡುವ ಮೊದಲು ಕೊಕ್ಕಿನಿಂದ ಆಚೀಚೆಯ ಒದ್ದೆ ಕಳೆಯನ್ನು ನಾಲ್ಕೈದು ಸಲ ಎಳೆದು ಮೊಟ್ಟೆಗಳ ಮೇಲೆ ಹೊದಿಸಿ, ಆಮೇಲೆಯೇ ಸದ್ದಿಲ್ಲದೆ ಮುಳುಗಿತು. ಗೂಡಿದ್ದ ಜಾಗದಲ್ಲಿ ಕಸವಲ್ಲದೆ ಬೇರೇನೂ ಕಾಣಲಿಲ್ಲ. ಕೆಲವು ವಾರಗಳ ನಂತರ ಪಟ್ಟೆಪಟ್ಟೆಯ ತಲೆಯ ಎರಡು ಮರಿಗಳು ತಾಯಿಯ ಬೆನ್ನೇರಿ, ರೆಕ್ಕೆಯ ಸಂದಿಯಿಂದ ಇಣುಕುತ್ತಿದ್ದವು. ಅಂದು ಒಂದು ಗಂಟೆ ಎರಡಾಯಿತು. ಮನೆಯಲ್ಲಿ ಉಪ್ಪಿಟ್ಟು ಆರಿತ್ತು.

ಪ್ರತಿ ಜನವರಿಯಲ್ಲಿಯೂ ಆ ಸಾಲನ್ನು ತಿದ್ದುತ್ತೇನೆ. ಈಗ 66. ಬಲಗಣ್ಣಿನಲ್ಲಿ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾಗಬೇಕು. ಆದ್ದರಿಂದ ಈ ಸಲ ಬರೆದಿರುವುದು ‘ಮೊದಲ ಹತ್ತು ನಿಮಿಷ ಕಣ್ಣು ಮುಚ್ಚಿ’ ಎಂದು. ವಯಸ್ಸಾದಂತೆ ಕಿವಿಯೂ ತಾರಸ್ಥಾಯಿಯ ಸಣ್ಣ ದನಿಗಳನ್ನೇ ಮೊದಲು ಬಿಟ್ಟುಕೊಡುತ್ತದೆ. ಸೂರಕ್ಕಿಯ ಕೀರಲು ಕೆಲವು ದಿನ ಕೇಳುತ್ತದೆ, ಕೆಲವು ದಿನ ಇಲ್ಲ. ಮಡಿವಾಳ ಹಕ್ಕಿಯ ಸಿಳ್ಳೆ, ಕೆಂಬೂತದ ಹೊಟ್ಟೆಯೊಳಗಿನ ‘ಕೂಪ್ ಕೂಪ್’, ಟಿಟ್ಟಿಭದ ಜಗಳ, ಇವೂ ಸೇರಿ ಏಳು ದನಿಗಳು ಇದುವರೆಗೆ ಗುರುತಿಗೆ ಸಿಕ್ಕಿವೆ. ಎಂಟನೆಯದು ಜೊಂಡಿನೊಳಗಿಂದ ಬರುತ್ತಿದೆ. ಯಾವುದೆಂದು ಹೋದ ವಾರವೂ ತಿಳಿಯಲಿಲ್ಲ.