ಐದು ವಾರ ವಿದೇಶಾಂಗ ಸಚಿವನಾಗಿ ನಿಂತು ಕಲಿತದ್ದು

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು, 2024ರ ಆಗಸ್ಟ್ ಎರಡನೆಯ ವಾರದಿಂದ ಸೆಪ್ಟೆಂಬರ್ ನಡುವಿನವರೆಗೆ, ಸಂಸತ್ತಿನ ಕಲಾಪವನ್ನು ನಮ್ಮ ವಿದ್ಯಾರ್ಥಿಗಳು ಅಭಿನಯಿಸುವ ಯುವ ಸಂಸತ್ತಿನ ತಾಲೀಮಿನಲ್ಲಿ ವಿದೇಶಾಂಗ ಸಚಿವನ ಜಾಗದಲ್ಲಿ ನಿಂತು ಉತ್ತರ ಕೊಟ್ಟೆ. ಆ ಪಾತ್ರ ಮೊದಲು ಅಂತಿಮ ವರ್ಷದ ಒಬ್ಬ ಹುಡುಗನದಾಗಿತ್ತು. ಅವನ ಮಾತು ಚೆನ್ನಾಗಿತ್ತು, ಧ್ವನಿಯೂ ಗಟ್ಟಿಯಾಗಿತ್ತು. ಆದರೆ ಯಾವ ಪ್ರಶ್ನೆ ಬಂದರೂ ಅವನು ಭಾರತದ ಪ್ರಾಚೀನ ಪರಂಪರೆಯಿಂದ ಆರಂಭಿಸಿ ವಿಶ್ವಶಾಂತಿಯವರೆಗೆ ಭಾಷಣ ಮಾಡುತ್ತಿದ್ದ. ಪ್ರಶ್ನೋತ್ತರ ಅವಧಿ ಭಾಷಣದ ವೇದಿಕೆಯಲ್ಲ, ಅಲ್ಲಿ ಕೇಳಿದ್ದಕ್ಕೆ ಉತ್ತರ ಬೇಕು ಎಂದು ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಅದು ಅವನಿಗೆ ಹಿಡಿಯಲಿಲ್ಲ. ಕೊನೆಗೆ, ಕೆಲವು ವಾರ ನಾನೇ ಮಂತ್ರಿಯಾಗುತ್ತೇನೆ, ನೀವೆಲ್ಲರೂ ಸದಸ್ಯರಾಗಿ ನನ್ನನ್ನು ಕೇಳಿ, ನೀನು ನನ್ನ ಪಕ್ಕದಲ್ಲಿ ಕುಳಿತು ಟಿಪ್ಪಣಿ ಬರೆದುಕೋ ಎಂದೆ. ಇಪ್ಪತ್ತು ವರ್ಷ ಪಾಠ ಮಾಡಿದ ವಿಷಯವೇ ಆದರೂ, ಉತ್ತರಿಸುವ ಕಡೆ ನಿಂತಾಗಲೇ ಅದರ ಕಷ್ಟ ನನಗೆ ತಿಳಿದದ್ದು.

ಪ್ರಶ್ನೆಗಳನ್ನು ಲೋಕಸಭೆಯ ನಿಯಮಗಳ ಪ್ರಕಾರವೇ ಬರೆಯಿಸಿದೆ. ಹದಿನೈದು ದಿನಗಳ ಸೂಚನೆ ಬೇಕು, ಪ್ರಶ್ನೆ 150 ಪದಗಳನ್ನು ಮೀರಬಾರದು, ಅದರಲ್ಲಿ ವಾದ, ಊಹೆ, ವ್ಯಂಗ್ಯ ಇರಬಾರದು, ಸ್ನೇಹಪರ ವಿದೇಶವೊಂದರ ಬಗ್ಗೆ ಅಗೌರವದ ಮಾತು ಇರಬಾರದು. ಈ ಕೊನೆಯ ನಿಯಮ ವಿದ್ಯಾರ್ಥಿಗಳಿಗೆ ಹೊಸದಾಗಿತ್ತು. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ, ಅಂದರೆ ಸದನದಲ್ಲಿ ಬಾಯಿಮಾತಿನ ಉತ್ತರ ಬಯಸುವ, ಪ್ರಶ್ನೆಗಳು ಪಟ್ಟಿಯಾಗುತ್ತವೆ. ಅವುಗಳಲ್ಲಿ ಒಂದು ಗಂಟೆಯೊಳಗೆ ಬಾಯಿಮಾತಿನ ಉತ್ತರಕ್ಕೆ ಬರುವವು ಬೆರಳೆಣಿಕೆಯಷ್ಟು. ಲಿಖಿತ ಉತ್ತರವನ್ನು ಮಂತ್ರಿಯು ಸದನದ ಮೇಜಿನ ಮೇಲೆ ಮಂಡಿಸಿ ಕುಳಿತ ಮೇಲೆ ಉಪಪ್ರಶ್ನೆಗಳು ಆರಂಭವಾಗುತ್ತವೆ, ಮತ್ತು ಅಲ್ಲಿಂದ ಮುಂದೆ ಮಂತ್ರಿಗೆ ಕಾಗದದ ಆಸರೆ ಇರುವುದಿಲ್ಲ. ಹಾಗಾಗಿ ಸಚಿವಾಲಯಗಳಲ್ಲಿ ಅಧಿಕಾರಿಗಳು ಲಿಖಿತ ಉತ್ತರದ ಜೊತೆಗೆ, ಬರಬಹುದಾದ ಉಪಪ್ರಶ್ನೆಗಳಿಗೆಂದೇ ಪ್ರತ್ಯೇಕ ಟಿಪ್ಪಣಿಯನ್ನು ಸಿದ್ಧಪಡಿಸುತ್ತಾರೆ. ನಾವೂ ಅಂಥದೊಂದು ಕಡತವನ್ನು ಕಟ್ಟಿದೆವು. ಐದು ವಾರಗಳ ಶ್ರಮದಲ್ಲಿ ಮುಕ್ಕಾಲು ಭಾಗ ಅದಕ್ಕೇ ಹೋಯಿತು.

ಬಂದ ಪ್ರಶ್ನೆಗಳು ಹಲವು. ಅವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳುತ್ತೇನೆ, ಏಕೆಂದರೆ ಎರಡೂ ನಮ್ಮ ಜಿಲ್ಲೆಯ ಮನೆಬಾಗಿಲಿನಿಂದಲೇ ಎದ್ದು ಬಂದವು.

ಮೊದಲನೆಯದು ರಷ್ಯಾದ ಸೇನೆಗೆ ಸೇರಿಸಲ್ಪಟ್ಟ ಭಾರತೀಯರ ಕುರಿತದ್ದು. ಕೆಲಸದ ಆಸೆ ತೋರಿಸಿ ಕರೆದೊಯ್ದ ದಲ್ಲಾಳಿಗಳ ಮಾತು ನಂಬಿ ಹೋದ ಕಲಬುರಗಿ ಜಿಲ್ಲೆಯ ಮೂವರು ಯುವಕರು ಉಕ್ರೇನ್ ಗಡಿಯ ಯುದ್ಧಭೂಮಿಯಲ್ಲಿ ಸಿಲುಕಿದ್ದಾರೆ ಎಂಬ ಸುದ್ದಿ 2024ರ ಫೆಬ್ರವರಿಯಲ್ಲಿ ಬಂದಾಗ ಇಡೀ ಊರು ತಲ್ಲಣಿಸಿತ್ತು. ಆ ವರ್ಷದ ಆಗಸ್ಟ್ 9ರಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರು ಲೋಕಸಭೆಯಲ್ಲಿ ಇದೇ ವಿಷಯಕ್ಕೆ ಉತ್ತರಿಸಿ, ಒಟ್ಟು 91 ಭಾರತೀಯರು ರಷ್ಯಾದ ಸೇನೆಗೆ ಸೇರಿದ್ದಾರೆ, 8 ಮಂದಿ ಮೃತಪಟ್ಟಿದ್ದಾರೆ, 14 ಮಂದಿ ಬಿಡುಗಡೆಯಾಗಿದ್ದಾರೆ ಅಥವಾ ಮರಳಿದ್ದಾರೆ, 69 ಮಂದಿ ಬಿಡುಗಡೆಗಾಗಿ ಕಾಯುತ್ತಿದ್ದಾರೆ ಎಂದು ತಿಳಿಸಿದ್ದರು. ನಾನು ಈ ನಾಲ್ಕು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು ಕೂಡಿಸಲು ಹೇಳಿದೆ. 8, 14, 69 ಸೇರಿದರೆ 91. ಯಾರೂ ಲೆಕ್ಕದಿಂದ ಹೊರಗೆ ಉಳಿದಿಲ್ಲ. ಮೃತರ ಸಂಖ್ಯೆಯನ್ನು ಬಿಟ್ಟು ಉಳಿದದ್ದನ್ನು ಹೇಳಿದ್ದರೂ, ಕಾಯುತ್ತಿರುವವರನ್ನು ‘ಕೆಲವರು’ ಎಂದು ಮುಚ್ಚಿದ್ದರೂ ವಾಕ್ಯ ಸುಳ್ಳಾಗುತ್ತಿರಲಿಲ್ಲ, ಆದರೆ ಉತ್ತರ ಉತ್ತರವಾಗಿ ಉಳಿಯುತ್ತಿರಲಿಲ್ಲ. ಮಗನ ದಾರಿ ಕಾಯುವ ತಾಯಿಗೆ ತನ್ನ ಮಗ ಈ ನಾಲ್ಕು ಸಂಖ್ಯೆಗಳಲ್ಲಿ ಎಲ್ಲಿದ್ದಾನೆ ಎಂಬುದೊಂದೇ ಮುಖ್ಯ. ಸಂಖ್ಯೆ ಹೇಳುವುದಾದರೆ ಕೂಡಿಸಿದರೆ ಸರಿಹೋಗುವಂತೆ ಹೇಳಬೇಕು ಎಂಬ ನಿಯಮವನ್ನು ಅಂದೇ ಕಡತದ ಮೊದಲ ಪುಟದಲ್ಲಿ ಬರೆದೆವು.

ಉಪಪ್ರಶ್ನೆಗಳು ಶುರುವಾದಾಗ ನನ್ನ ತಯಾರಿ ಸಾಲಲಿಲ್ಲ. ಆಳಂದ ತಾಲೂಕಿನ ವಿದ್ಯಾರ್ಥಿನಿಯೊಬ್ಬಳು ಎದ್ದು, ವಿದೇಶಕ್ಕೆ ಹೋಗುವವರನ್ನು ಪರೀಕ್ಷಿಸಲು ವಲಸೆ ಕಾಯ್ದೆ ಇರುವಾಗ ಈ ಯುವಕರನ್ನು ವಿಮಾನ ನಿಲ್ದಾಣದಲ್ಲೇ ಏಕೆ ತಡೆಯಲಿಲ್ಲ ಎಂದು ಕೇಳಿದಳು. ನಾನು ರಾಜತಾಂತ್ರಿಕ ಮಾತುಕತೆಗೆ ಸಿದ್ಧನಾಗಿದ್ದೆ, ಜುಲೈನಲ್ಲಿ ಪ್ರಧಾನಿಯವರು ಮಾಸ್ಕೋದಲ್ಲಿ ರಷ್ಯಾದ ಅಧ್ಯಕ್ಷರೊಡನೆ ಈ ವಿಷಯ ಎತ್ತಿದ್ದು ನನಗೆ ನೆನಪಿತ್ತು. ಆದರೆ ಅವಳು ಕೇಳಿದ್ದು ದೇಶದ ಒಳಗಿನ ವ್ಯವಸ್ಥೆಯನ್ನು. ಆ ದಿನ ನಾನು ‘ಈ ಬಗ್ಗೆ ಪರಿಶೀಲಿಸುತ್ತೇನೆ’ ಎಂದು ಹೇಳಿ ಕುಳಿತೆ.

ರಾತ್ರಿ ಕುಳಿತು ಓದಿದೆ. 1983ರ ವಲಸೆ ಕಾಯ್ದೆಯಡಿ, ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಮುದ್ರೆ ಇರುತ್ತದೆ, ಮತ್ತು ಅಂಥವರು ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮಾತ್ರ ಅನುಮತಿ ಪಡೆಯಬೇಕು. ಸೌದಿ ಅರೇಬಿಯಾ, ಕುವೈತ್, ಕತಾರ್, ಸಂಯುಕ್ತ ಅರಬ್ ಸಂಸ್ಥಾನ ಆ ಪಟ್ಟಿಯಲ್ಲಿವೆ, ರಷ್ಯಾ ಇಲ್ಲ. ಪ್ರವಾಸಿ ವೀಸಾದ ಮೇಲೆ ಹೊರಟವರಿಗೆ ಈ ತಪಾಸಣೆಯೇ ಅನ್ವಯಿಸುವುದಿಲ್ಲ. ಕೆಲಸಕ್ಕೆ ಕಳುಹಿಸುವ ಏಜೆಂಟರು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು ಮತ್ತು ಆ ಪಟ್ಟಿಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಬೀದರ್‌ನಿಂದ, ಹುಮನಾಬಾದ್‌ನಿಂದ, ಕಲಬುರಗಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಮನೆಗಳು ನಮ್ಮ ತರಗತಿಯಲ್ಲೇ ಇದ್ದವು. ಆದರೂ ಆ ಜಾಲತಾಣದ ಹೆಸರನ್ನು ಕೇಳಿದ್ದವರು ಒಬ್ಬಿಬ್ಬರು ಮಾತ್ರ. ಮರುದಿನ ನಾನು ಮಂತ್ರಿಯಾಗಿ ನಿಂತು, ಕಾನೂನಿನ ಜಾಲರಿಯಲ್ಲಿ ತೂತು ಎಲ್ಲಿದೆ ಎಂಬುದನ್ನು ಮುಚ್ಚಿಡದೆ ಹೇಳಿದೆ. ಜೊತೆಗೆ, ಸಿಬಿಐ 19 ವ್ಯಕ್ತಿಗಳು ಮತ್ತು ಸಂಸ್ಥೆಗಳ ವಿರುದ್ಧ ಮೊಕದ್ದಮೆ ದಾಖಲಿಸಿರುವುದನ್ನು, ಪೊಲೀಸ್ ವ್ಯವಸ್ಥೆ ಸಂವಿಧಾನದ ಏಳನೆಯ ಅನುಸೂಚಿಯಂತೆ ರಾಜ್ಯ ಪಟ್ಟಿಯಲ್ಲಿರುವುದರಿಂದ ಸ್ಥಳೀಯ ದಲ್ಲಾಳಿಗಳ ಮೇಲಿನ ಕ್ರಮಕ್ಕೆ ರಾಜ್ಯದ ಸಹಕಾರ ಬೇಕಿರುವುದನ್ನು ವಿವರಿಸಿದೆ.

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ನೋಟುಪುಸ್ತಕ ತೆರೆದು, ‘ಸರ್, ನೀವು ಮೂರು ದಿನದಾಗ ಏಳು ಸಲ ಪರಿಶೀಲಿಸುತ್ತೇನೆ ಅಂದೀರಿ, ಅದರಾಗ ಎಷ್ಟು ಆದ್ವು ಅಂತ ಹೇಳ್ರಿ’ ಎಂದ. ಅವನು ಸರ್ಕಾರಿ ಭರವಸೆಗಳ ಸಮಿತಿಯ ಕೆಲಸವನ್ನು ವಹಿಸಿಕೊಂಡಿದ್ದ. ಲೋಕಸಭೆಯಲ್ಲಿ 1953ರಲ್ಲಿ ರಚನೆಯಾದ ಈ ಸಮಿತಿಯ ಕಾರ್ಯವಿಧಾನ ನನಗೆ ಪಾಠವಾಗಿ ಗೊತ್ತಿತ್ತು: ‘ವಿಷಯ ಪರಿಶೀಲನೆಯಲ್ಲಿದೆ’, ‘ನಾನು ನೋಡುತ್ತೇನೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂಬಂಥ ಮಾತುಗಳೆಲ್ಲ ಭರವಸೆಗಳೆಂದೇ ಗಣನೆಗೆ ಬರುತ್ತವೆ ಮತ್ತು ಅವನ್ನು ಮೂರು ತಿಂಗಳೊಳಗೆ ಈಡೇರಿಸಬೇಕು. ಆದರೆ ಬಾಯಿಯಿಂದ ಸಲೀಸಾಗಿ ಜಾರುವ ಈ ಮಾತು ಎಷ್ಟು ಭಾರದ್ದು ಎಂಬುದು ನನ್ನದೇ ಏಳು ಭರವಸೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದಾಗ ಅರಿವಾಯಿತು. ಎರಡನ್ನು ಮಾತ್ರ ಈಡೇರಿಸಿದ್ದೆ. ಉಳಿದ ಐದಕ್ಕೆ ಆ ವಾರವೆಲ್ಲ ಕುಳಿತು ಉತ್ತರ ಹುಡುಕಿದೆ, ಮತ್ತು ಅಂದಿನಿಂದ ಗೊತ್ತಿಲ್ಲದ್ದಕ್ಕೆ ‘ಈ ಮಾಹಿತಿ ಸದ್ಯ ನನ್ನ ಬಳಿ ಇಲ್ಲ, ಸದಸ್ಯರಿಗೆ ಲಿಖಿತವಾಗಿ ಕಳುಹಿಸುತ್ತೇನೆ’ ಎಂದು ಹೇಳಿ, ಅದನ್ನು ನಿಜವಾಗಿಯೂ ಬರೆದು ಕಳುಹಿಸುವ ಕ್ರಮ ಇಟ್ಟುಕೊಂಡೆ.

ಎರಡನೆಯ ಪ್ರಶ್ನೆ ತೊಗರಿಯದು. ಭಾರತ 2016ರಲ್ಲಿ ಮೊಜಾಂಬಿಕ್ ಜೊತೆಗೆ, 2021ರಲ್ಲಿ ಮ್ಯಾನ್ಮಾರ್ ಮತ್ತು ಮಲಾವಿ ಜೊತೆಗೆ ತೊಗರಿ ಆಮದಿನ ಒಡಂಬಡಿಕೆ ಮಾಡಿಕೊಂಡಿದೆ. ಮ್ಯಾನ್ಮಾರ್‌ನಿಂದ ವರ್ಷಕ್ಕೆ 1 ಲಕ್ಷ ಟನ್, ಮಲಾವಿಯಿಂದ 50,000 ಟನ್, ಮೊಜಾಂಬಿಕ್‌ನಿಂದ 2 ಲಕ್ಷ ಟನ್ ಎಂಬ ಪ್ರಮಾಣಗಳು ಆಗ ಅವುಗಳಲ್ಲಿದ್ದವು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ದೊರೆತಿದೆ. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ಸೇಡಂ ತಾಲೂಕಿನ ವಿದ್ಯಾರ್ಥಿಯೊಬ್ಬ ಬರೆದ ಪ್ರಶ್ನೆ ಹೀಗಿತ್ತು: ‘(ಅ) ತೊಗರಿ ಆಮದಿನ ಒಡಂಬಡಿಕೆಗಳನ್ನು ಮಾಡಿಕೊಳ್ಳುವಾಗ ದೇಶದ ತೊಗರಿ ಬೆಳೆಗಾರರ ಹಿತವನ್ನು ಪರಿಗಣಿಸಲಾಗಿದೆಯೇ, (ಆ) ಹಾಗಿದ್ದಲ್ಲಿ, ಅದರ ವಿವರಗಳೇನು, (ಇ) ಇಲ್ಲದಿದ್ದಲ್ಲಿ, ಕಾರಣಗಳೇನು?’ ಪ್ರಶ್ನೆ ಬರೆಯುವ ಮೊದಲು ಅವನು ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿನ ಅಡತಿ ಅಂಗಡಿಗಳಲ್ಲಿ ಎರಡು ದಿನ ಕುಳಿತು ಬಂದಿದ್ದ.

ಇದನ್ನು ಬೇರೆ ಸಚಿವಾಲಯಕ್ಕೆ ವರ್ಗಾಯಿಸಿಬಿಡೋಣ ಎಂದು ನನ್ನ ಪಕ್ಕದಲ್ಲಿದ್ದ ಹುಡುಗ ಕಿವಿಯಲ್ಲಿ ಹೇಳಿದ. ನಿಯಮದ ಪ್ರಕಾರ ಅದು ತಪ್ಪೇನಲ್ಲ: 1961ರ ಕಾರ್ಯಹಂಚಿಕೆ ನಿಯಮಗಳಂತೆ ಆಮದು ನೀತಿ ವಾಣಿಜ್ಯ ಸಚಿವಾಲಯದ್ದು, ಬೇಳೆಯ ದಾಸ್ತಾನು ಮತ್ತು ಬೆಲೆ ಗ್ರಾಹಕ ವ್ಯವಹಾರಗಳ ಇಲಾಖೆಯದ್ದು, ಬೆಂಬಲ ಬೆಲೆ ಕೃಷಿ ಸಚಿವಾಲಯದ್ದು. 2024–25ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಅದನ್ನು ವಿದೇಶಾಂಗ ಸಚಿವ ನಿಗದಿ ಮಾಡುವುದಿಲ್ಲ. ಆದರೆ ಸಂವಿಧಾನದ 75ನೆಯ ಅನುಚ್ಛೇದದಂತೆ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುವಾಗ, ‘ಇದು ನನ್ನದಲ್ಲ’ ಎಂಬುದು ಉತ್ತರದ ಆರಂಭವಾಗಬಹುದೇ ಹೊರತು ಕೊನೆಯಾಗಬಾರದು ಎಂದು ನನ್ನ ದೃಢವಾದ ಅಭಿಪ್ರಾಯ. ನಾನು ಉತ್ತರವನ್ನು ಹೀಗೆ ಕಟ್ಟಿದೆ: ಒಡಂಬಡಿಕೆ ಏಕೆ ಬೇಕಾಯಿತು, ಅದರಿಂದ ಆಫ್ರಿಕಾದ ದೇಶಗಳೊಡನೆ ನಮ್ಮ ಸಂಬಂಧಕ್ಕೆ ಏನು ದೊರೆಯಿತು ಎಂಬುದು ನನ್ನ ಭಾಗ, ಬೆಲೆ ಮತ್ತು ಖರೀದಿಯ ಭಾಗವನ್ನು ಯಾವ ಸಚಿವಾಲಯ ನೋಡುತ್ತದೆ, ಅದರ ಈಗಿನ ನೀತಿ ಏನು ಎಂಬುದನ್ನೂ ನಾನೇ ತಿಳಿಸುತ್ತೇನೆ, ಆ ನೀತಿ ಸರಿಯೇ ಎಂಬ ಚರ್ಚೆಗೆ ಸಂಬಂಧಪಟ್ಟ ಸಚಿವರಿಗೆ ಪ್ರಶ್ನೆ ಹಾಕುವುದು ಸೂಕ್ತ.

ಅವನ ಉಪಪ್ರಶ್ನೆ ನೇರವಾಗಿತ್ತು. ದೇಶದಲ್ಲಿ ತೊಗರಿ ಕಡಿಮೆಯಾದ ವರ್ಷ ಮಾಡಿಕೊಂಡ ಒಡಂಬಡಿಕೆ, ಬಂಪರ್ ಬೆಳೆ ಬಂದ ವರ್ಷವೂ ನಮ್ಮನ್ನು ಕಟ್ಟಿಹಾಕುತ್ತದೆಯೇ? 2016–17ರಲ್ಲಿ ಬೆಳೆ ಹೆಚ್ಚಾಗಿ ಗಂಜಿನಲ್ಲಿ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಕುಸಿದದ್ದು, ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತದ್ದು ಅವನ ಮನೆಯವರು ಕಂಡ ಸಂಗತಿ. ಇದಕ್ಕೆ ನಾನು ಕೊಟ್ಟ ಉತ್ತರದಲ್ಲಿ ಎರಡೂ ಕಡೆಯನ್ನು ಇಟ್ಟೆ. ಹೊರದೇಶಕ್ಕೆ ಕೊಟ್ಟ ಮಾತನ್ನು ನಮ್ಮ ಫಸಲು ನೋಡಿಕೊಂಡು ಮುರಿದರೆ ಅಲ್ಲಿಯ ರೈತ ಮುಂದಿನ ವರ್ಷ ನಮಗಾಗಿ ಬಿತ್ತುವುದಿಲ್ಲ, ಕೊರತೆಯ ವರ್ಷ ನಾವು ಅವರ ಬಾಗಿಲಿಗೆ ಹೋಗಲು ಆಗುವುದಿಲ್ಲ; ಆದ್ದರಿಂದ ಮಾತು ಉಳಿಸಿಕೊಳ್ಳಬೇಕು, ಮತ್ತು ಅದರ ಬೆಲೆಯನ್ನು ಕಲಬುರಗಿಯ ರೈತನೊಬ್ಬನೇ ತೆರದಂತೆ ಒಳಗಿನ ಖರೀದಿ ವ್ಯವಸ್ಥೆಯನ್ನು ಸಕಾಲದಲ್ಲಿ ತೆರೆಯಬೇಕು. ತರಗತಿ ಮುಗಿದ ಮೇಲೆ ಅವನು ಬಂದು, ‘ಸರ್, ನೀವು ಹೇಳಿದ್ದು ಖರೆ ಅದ, ಆದ್ರ ನಮ್ಮಪ್ಪಗ ಇದನ್ನ ಹ್ಯಾಂಗ ಹೇಳ್ಲಿ’ ಎಂದ. ಅವನ ಅಪ್ಪನಿಗೆ ಅರ್ಥವಾಗುವ ಮಾತಿನಲ್ಲಿ ಮತ್ತೊಮ್ಮೆ ಬರೆಯುವಂತೆ ಅವನಿಗೇ ಹೇಳಿದೆ. ಅವನು ಬರೆದದ್ದು ನನ್ನದಕ್ಕಿಂತ ಚಿಕ್ಕದಾಗಿತ್ತು, ಸ್ಪಷ್ಟವಾಗಿತ್ತು. ಕಡತದಲ್ಲಿ ಅದನ್ನೇ ಇಟ್ಟೆವು.

ಒಳಗಿನದು ಯಾವುದು, ಹೊರಗಿನದು ಯಾವುದು ಎಂಬ ಚರ್ಚೆ ನಡೆಯುವಾಗ ನಾನು ಪಾಠಕ್ಕೆ ಸ್ವಲ್ಪ ಆಚೆ ಹೋಗಿ ನಮ್ಮದೇ ನೆಲದ ಸಂಗತಿಯನ್ನು ಹೇಳಿದೆ. 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ, ಬೀದರ್, ಯಾದಗಿರಿಗಳು ಇನ್ನೂ ಭಾರತಕ್ಕೆ ಸೇರದಿದ್ದ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1947ರ ನವೆಂಬರ್ 29ರಂದು ಭಾರತ ಸರ್ಕಾರ ನಿಜಾಮರೊಡನೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತು. 1948ರ ಆಗಸ್ಟ್‌ನಲ್ಲಿ ನಿಜಾಮ್ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತು. ಭಾರತ ಅದನ್ನು ತನ್ನ ಒಳಗಿನ ವಿಷಯವೆಂದೇ ಹಿಡಿದು, ಸರ್ದಾರ್ ಪಟೇಲರ ಸಂಸ್ಥಾನಗಳ ಖಾತೆಯ ಮೂಲಕ ವ್ಯವಹರಿಸಿತು. ನಮ್ಮ ಅಜ್ಜಂದಿರ ಊರುಗಳೇ ಒಮ್ಮೆ ಈ ಗೆರೆಯ ಮೇಲೆ ನಿಂತಿದ್ದವು ಎಂದಾಗ ಕೋಣೆ ಮೌನವಾಯಿತು.

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಮರುದಿನ ಕಾರ್ಯಕ್ರಮ ನಿಗದಿಯಾಗಿತ್ತು. ಅದಕ್ಕೆ ನಾಲ್ಕೈದು ದಿನ ಮೊದಲು, ರಷ್ಯಾದಲ್ಲಿ ಸಿಲುಕಿದ್ದ ನಮ್ಮ ಜಿಲ್ಲೆಯ ಮೂವರೂ ಮರಳಿದರು. ಆಗಸ್ಟ್ 9ರ ಲೆಕ್ಕದಂತೆ ಅವರು ಆ 69 ಜನರಲ್ಲೇ ಇದ್ದಿರಬೇಕು. ಸಂತೋಷದಲ್ಲಿ ಹುಡುಗರು ಸಿಹಿ ತಂದರು; ಆದರೆ ಉತ್ತರ ಹಳೆಯದಾಗಿತ್ತು. 69ರಲ್ಲಿ ಮೂರು ಕಳೆದು 66 ಎಂದು ಹೇಳೋಣವೇ ಎಂದು ಒಬ್ಬಳು ಕೇಳಿದಳು. ಬೇರೆಯವರೂ ಆ ನಡುವೆ ಮರಳಿರಬಹುದು, ನಮ್ಮ ಲೆಕ್ಕವನ್ನು ಸರ್ಕಾರದ ಲೆಕ್ಕವೆಂದು ಸದನದಲ್ಲಿ ಹೇಳುವಂತಿಲ್ಲ ಎಂದು ಮಂತ್ರಿಯ ಪಾತ್ರದ ಹುಡುಗ ತಾನಾಗಿಯೇ ಹೇಳಿದ. ಆ ಹೊತ್ತಿಗೆ ನಾನು ಆಸನ ಬಿಟ್ಟುಕೊಟ್ಟು ಹಿಂದಿನ ಸಾಲಿಗೆ ಬಂದಿದ್ದೆ.

ಕಾರ್ಯಕ್ರಮದ ದಿನ ಅವನು ಎದ್ದು, ‘ಮಾನ್ಯ ಸಭಾಧ್ಯಕ್ಷರೇ, ಆಗಸ್ಟ್ 9ರಂದು ಸದನಕ್ಕೆ ತಿಳಿಸಿದಂತೆ 91 ಮಂದಿಯಲ್ಲಿ 69 ಮಂದಿ ಬಿಡುಗಡೆಗಾಗಿ ಕಾಯುತ್ತಿದ್ದರು. ಆ ನಂತರ ಕಲಬುರಗಿ ಜಿಲ್ಲೆಯ ಮೂವರು ಮನೆ ಸೇರಿದ್ದಾರೆ. ಉಳಿದವರ ಇಂದಿನ ಸಂಖ್ಯೆ ನನ್ನ ಬಳಿ ಇಲ್ಲ, ಅದನ್ನು ಸದಸ್ಯರಿಗೆ ಲಿಖಿತವಾಗಿ ಕಳುಹಿಸುತ್ತೇನೆ’ ಎಂದು ಹೇಳಿ ಕುಳಿತ. ಹಿಂದಿನ ಬೆಂಚಿನಲ್ಲಿ ಭರವಸೆಗಳ ಸಮಿತಿಯ ಹುಡುಗ ನೋಟುಪುಸ್ತಕ ತೆರೆದು ದಿನಾಂಕ ಬರೆದುಕೊಂಡ.