ಉತ್ತರೆ ಮಳೆಯಲ್ಲಿ ಪುಕ್ಕ ಉದುರಿಸುವ ಕೋಳಿಗೆ ಏನು ಹಾಕಬೇಕು

ಹುಬ್ಬೆ ಮಳೆ ಮುಗಿದು ಉತ್ತರೆ ಹಿಡಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿಗೆ, ಬೆಳಿಗ್ಗೆ ಕೋಳಿ ಒಡ್ಡಿಯ ಬಾಗಿಲು ತೆಗೆದರೆ ನೆಲದ ತುಂಬ ಪುಕ್ಕ ಹಾಸಿರುತ್ತದೆ. ನಮ್ಮಲ್ಲಿ ಪ್ರತಿ ವರ್ಷ ಮೊದಲು ಉದುರಿಸುವವಳು ಕೆಂಚಿ. ಎಂಟು ದಿನದಲ್ಲಿ ಅವಳ ಕತ್ತು ಬೋಳಾಗುತ್ತದೆ, ಹದಿನೈದು ದಿನಕ್ಕೆ ಬಾಲವೂ ಹೋಗುತ್ತದೆ, ಮೊಟ್ಟೆ ನಿಲ್ಲುತ್ತದೆ. ಇದೇ ದಿನಗಳಲ್ಲಿ ಊರಿನ ಹೆಂಗಸರು ನನಗೆ ಫೋನ್ ಮಾಡಿ, "ಅಕ್ಕಾ, ಕೋಳಿಗೆ ಏನೋ ರೋಗ ಬಡಿದಿದೆ, ಸಾಯುವ ಮೊದಲು ಮಾರಿಬಿಡಲೇ?" ಎಂದು ಕೇಳುತ್ತಾರೆ. ಮಾರಬೇಡಿ. ಅದು ಹಳೆಯ ಬಟ್ಟೆ ಬಿಚ್ಚಿ ಹೊಸದು ನೇಯ್ದುಕೊಳ್ಳುತ್ತಿದೆ. ನೂಲು ಒದಗಿಸುವ ಕೆಲಸ ಮಾತ್ರ ನಮ್ಮದು.

ಹೊಸನಗರ ತಾಲ್ಲೂಕಿನ ನಗರದ ಹತ್ತಿರ, ಹುಲಿಕಲ್ ಘಾಟಿಯ ಮೇಲಿನ ಮಳೆ ಸೀಮೆಯಲ್ಲಿ ನಮ್ಮ ಮನೆ. ಒಂದು ಎಕರೆ ಅಡಿಕೆ ತೋಟ, ಹಿಂದೆ ಹುಲ್ಲು ಬೆಳೆಯುವ ಬ್ಯಾಣ, ಇಪ್ಪತ್ತೆರಡು ನಾಟಿ ಹ್ಯಾಟೆಗಳು, ಎರಡು ಹುಂಜ. ಹತ್ತೊಂಬತ್ತು ವರ್ಷದಿಂದ ಕೋಳಿ ನೋಡಿಕೊಳ್ಳುತ್ತಿದ್ದೇನೆ. ಮೊದಲ ನಾಲ್ಕೈದು ವರ್ಷ ಈ ಕಾಲದಲ್ಲಿ ಅಕ್ಕಿ ನುಚ್ಚನ್ನೇ ಇನ್ನೊಂದು ಹಿಡಿ ಹೆಚ್ಚು ಹಾಕುತ್ತಿದ್ದೆ. ಕೋಳಿಗಳು ಹೊಟ್ಟೆ ತುಂಬ ತಿನ್ನುತ್ತಿದ್ದವು, ಆದರೂ ಜನವರಿಯವರೆಗೆ ಅರೆಬರೆ ಮೈಯಲ್ಲಿ ಚಳಿಗೆ ನಡುಗುತ್ತಿದ್ದವು. ನನ್ನ ಅತ್ತೆ ಆಗಲೇ ಹೇಳಿದ್ದರು: "ಹೊಟ್ಟೆ ತುಂಬಿದರೆ ಸಾಲದು ಕಣೇ, ಅದಕ್ಕೆ ಹುಳ ಸಿಗಬೇಕು." ಆ ಮಾತಿನ ಅರ್ಥ ನನಗೆ ತಿಳಿದದ್ದು ತಡವಾಗಿ.

ಒಂದು ಪುಕ್ಕವನ್ನು ಬೆಂಕಿಗೆ ಹಿಡಿದು ನೋಡಿ. ಕೂದಲು ಸುಟ್ಟಂತಹ ಕಮಟು ವಾಸನೆ ಬರುತ್ತದೆ. ಅದು ಗಂಧಕದ ವಾಸನೆ. ಪುಕ್ಕದ ತೂಕದಲ್ಲಿ ಶೇ. 85ರಿಂದ 90ರಷ್ಟು ಪ್ರೊಟೀನ್, ಅದರಲ್ಲೂ ಕೆರಾಟಿನ್ ಎಂಬ ಪ್ರೊಟೀನ್. ನಮ್ಮ ಉಗುರು, ಕೂದಲು ಆಗಿರುವುದೂ ಇದರಿಂದಲೇ. ಇದನ್ನು ಕಟ್ಟಲು ಗಂಧಕವಿರುವ ಅಮೈನೋ ಆಮ್ಲಗಳು, ಅಂದರೆ ಪ್ರೊಟೀನಿನ ಇಟ್ಟಿಗೆಗಳು, ಮುಖ್ಯವಾಗಿ ಮೆಥಿಯೊನಿನ್ ಮತ್ತು ಸಿಸ್ಟೀನ್, ಬೇಕೇ ಬೇಕು. ಒಂದೂವರೆ ಕಿಲೋ ತೂಗುವ ಹ್ಯಾಟೆಯ ಮೈಮೇಲೆ ಹತ್ತಿರ ಹತ್ತಿರ ನೂರು ಗ್ರಾಂ ಪುಕ್ಕ ಇರುತ್ತದೆ. ಅಷ್ಟನ್ನೂ ಎಂಟು ಹತ್ತು ವಾರದಲ್ಲಿ ಹೊಸದಾಗಿ ಮಾಡಿಕೊಳ್ಳುವುದು ಸಣ್ಣ ಕೆಲಸವಲ್ಲ. ಅದಕ್ಕೇ ಅದು ಮೊಟ್ಟೆ ನಿಲ್ಲಿಸುತ್ತದೆ.

ಅಕ್ಕಿ ನುಚ್ಚಿನಲ್ಲಿ ಇರುವ ಪ್ರೊಟೀನ್ ಶೇ. 8ರ ಸುಮಾರು, ಮೆಕ್ಕೆಜೋಳದಲ್ಲಿ 9. ಪುಕ್ಕ ಮೂಡಿಸುತ್ತಿರುವ ಕೋಳಿಯ ಆಹಾರದಲ್ಲಿ 18ರಿಂದ 20 ಇರಬೇಕು. ನಾನು ನುಚ್ಚನ್ನು ಎಷ್ಟು ಹೆಚ್ಚಿಸಿದರೂ ಪ್ರಯೋಜನವಾಗದಿದ್ದುದು ಇದಕ್ಕೇ.

ತಟ್ಟೆ ಬದಲಿಸುವ ಮೊದಲು, ಉದುರುತ್ತಿರುವುದು ಕಾಲಕ್ಕೆ ಸರಿಯಾಗಿಯೋ ಬೇರೆ ಕಾರಣಕ್ಕೋ ನೋಡಿಕೊಳ್ಳಿ. ಹಗಲು ಗಿಡ್ಡವಾಗುತ್ತ ಬಂದಾಗ, ವರ್ಷ ದಾಟಿದ ಕೋಳಿ ತಲೆಯಿಂದ ಆರಂಭಿಸಿ ಕತ್ತು, ಎದೆ, ಬೆನ್ನು, ರೆಕ್ಕೆ, ಕೊನೆಗೆ ಬಾಲ ಎಂಬ ಕ್ರಮದಲ್ಲಿ ಉದುರಿಸುತ್ತದೆ. ಉದುರಿದ ಜಾಗದಲ್ಲಿ ಕೆಲವೇ ದಿನಕ್ಕೆ ಮುಳ್ಳಿನಂತಹ ಮೊಳಕೆ ಏಳುತ್ತದೆ. ಬೆನ್ನು ಮತ್ತು ನೆತ್ತಿಯ ಹಿಂಭಾಗ ಮಾತ್ರ ಬೋಳಾಗಿದ್ದರೆ ಅದು ಹುಂಜದ ಕೆಲಸ. ಎದೆ ಮಾತ್ರ ಬೋಳಾಗಿದ್ದರೆ ಕಾವು ಕೂತಿದೆ. ಗುದದ ಸುತ್ತ, ರೆಕ್ಕೆಯ ಅಡಿಯಲ್ಲಿ ಪುಕ್ಕ ಬಿಡಿಸಿ ನೋಡಿದಾಗ ಹೇನು ಹರಿದಾಡಿದರೆ, ಅಥವಾ ರಾತ್ರಿ ಟಾರ್ಚ್ ಹಾಕಿದಾಗ ಕೋಳಿ ಕೂರುವ ಅಡ್ಡಕೋಲಿನ ಸಂದಿಯಲ್ಲಿ ಕೆಂಪು ನುಸಿ ಕಂಡರೆ, ಎಷ್ಟು ಮೀನು ತಿನ್ನಿಸಿದರೂ ಅದರ ಫಲವೆಲ್ಲ ಹೇನು, ನುಸಿಯ ಪಾಲಿಗೆ. ಮಳೆಗಾಲದಲ್ಲಿ ನಮ್ಮ ಸೀಮೆಯ ಕೋಳಿಗೆ ಹೊರಳಾಡಿ ಹೇನು ಕೊಡವಿಕೊಳ್ಳಲು ಒಣಮಣ್ಣು ಸಿಗುವುದಿಲ್ಲ. ನಾನು ಸೂರಿನಡಿ ಒಂದು ಹಳೆಯ ಮರದ ಪೆಟ್ಟಿಗೆಯಲ್ಲಿ ಬಚ್ಚಲ ಒಲೆಯ ಬೂದಿ ಮತ್ತು ಬೇಸಿಗೆಯಲ್ಲೇ ಜರಡಿ ಹಿಡಿದಿಟ್ಟ ಮಣ್ಣು ಬೆರೆಸಿ ಇಡುತ್ತೇನೆ. ಇನ್ನು ಬೋಳುಕತ್ತಿನ ಜಾತಿಯ ಕೋಳಿಗೆ ಕತ್ತಿನಲ್ಲಿ ಪುಕ್ಕ ಬರುವುದೇ ಇಲ್ಲ, ಅದು ಹುಟ್ಟುಗುಣ. ಅದಕ್ಕಾಗಿ ದುಡ್ಡು ಸುರಿಯಬೇಡಿ.

ಈಗ ನನ್ನ ಮಿಶ್ರಣ. ಹತ್ತು ಕಿಲೋಗೆ: ಒಡೆದ ಮೆಕ್ಕೆಜೋಳ ನಾಲ್ಕೂವರೆ ಕಿಲೋ, ಅಕ್ಕಿ ನುಚ್ಚು ಒಂದು ಕಿಲೋ, ತೌಡು ಒಂದೂವರೆ ಕಿಲೋ, ಶೇಂಗಾ ಹಿಂಡಿ ಎರಡು ಕಿಲೋ, ಉಪ್ಪಿಲ್ಲದ ಒಣಮೀನಿನ ಪುಡಿ ಒಂದು ಕಿಲೋ. ಲೆಕ್ಕ ಹಾಕಿದರೆ ಪ್ರೊಟೀನ್ ಶೇ. 20ರ ಹತ್ತಿರ ಬರುತ್ತದೆ. ಹಿಂಡಿ, ಮೀನು ಸ್ವಲ್ಪ ಕಳಪೆಯಾಗಿದ್ದರೂ 18ಕ್ಕಿಂತ ಕೆಳಗೆ ಇಳಿಯುವುದಿಲ್ಲ. ನಮ್ಮ ಕೋಳಿಗಳು ಹಗಲೆಲ್ಲ ತೋಟದಲ್ಲಿ ಕೆದಕಿ ತಿನ್ನುವುದರಿಂದ ತಲೆಗೆ ಬೆಳಿಗ್ಗೆ 30 ಗ್ರಾಂ, ಸಂಜೆ 25 ಗ್ರಾಂ ಕೊಡುತ್ತೇನೆ. ಹತ್ತು ಕಿಲೋ ಎಂಟು ದಿನ ಬರುತ್ತದೆ. ಕಟ್ಟಿಹಾಕಿ ಸಾಕುವವರಿಗೆ ಇದರ ಎರಡರಷ್ಟು ಬೇಕು, ಜೊತೆಗೆ ಖನಿಜ ಮತ್ತು ವಿಟಮಿನ್ ಮಿಶ್ರಣವನ್ನೂ ಪಶುವೈದ್ಯರನ್ನು ಕೇಳಿ ಸೇರಿಸಬೇಕು. ಅಂಗಡಿಯ ಮೊಟ್ಟೆಕೋಳಿ ಆಹಾರವನ್ನೇ ಹಾಕುವವರಾದರೆ ಚೀಲದ ಮೇಲಿನ ಚೀಟಿ ಓದಿ. ಅದರಲ್ಲಿ ಸಾಮಾನ್ಯವಾಗಿ 16ರಿಂದ 18 ಇರುತ್ತದೆ, ಸ್ವಲ್ಪ ಮೀನು ಸೇರಿಸಿದರೆ ಸಾಕು.

ಮೀನಿನ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಘಾಟಿ ಕೆಳಗೆ ಕುಂದಾಪುರ, ಗಂಗೊಳ್ಳಿ ಕಡೆಯಿಂದ ನಮ್ಮ ಸಂತೆಗೆ ಒಣಮೀನು ಬರುತ್ತದೆ. ನಾವು ಮಳೆಗಾಲಕ್ಕೆ ಸಾರಿಗೆಂದು ಕೊಳ್ಳುವ ಬಂಗುಡೆ, ಬೂತಾಯಿ ಎಲ್ಲ ಉಪ್ಪು ತುಂಬಿ ಒಣಗಿಸಿದ್ದು. ಅದನ್ನು ಹಾಗೇ ಕುಟ್ಟಿ ಕೋಳಿಗೆ ಹಾಕಿದರೆ ವಿಷ ಹಾಕಿದಂತೆ. ಕೋಳಿಯ ಆಹಾರದಲ್ಲಿ ಉಪ್ಪು ಶೇ. ಅರ್ಧವನ್ನು ಮೀರಬಾರದು. ಮೀರಿದರೆ ಬಟ್ಟಲುಗಟ್ಟಲೆ ನೀರು ಕುಡಿಯುತ್ತವೆ, ನೀರಿನಂತೆ ಹಿಕ್ಕೆ ಹಾಕುತ್ತವೆ, ಹೆಚ್ಚಾದರೆ ಸಾಯುತ್ತವೆ. ಸಮುದ್ರತೀರದಲ್ಲಿ ಉಪ್ಪು ಹಾಕದೆ ಬರೀ ಬಿಸಿಲಿನಲ್ಲಿ ಒಣಗಿಸಿದ ಸಣ್ಣ ಮೀನು, ಸೀಗಡಿ ಸಿಗುತ್ತದೆ. ಮೀನು ಮಾರುವ ಅಮ್ಮನಿಗೆ ಏಪ್ರಿಲ್‌ನಲ್ಲೇ ಹೇಳಿಟ್ಟು ಎಂಟು ಕಿಲೋ ತರಿಸಿಕೊಳ್ಳುತ್ತೇನೆ. ಕೊಳ್ಳುವಾಗ ಒಂದು ಚೂರು ನಾಲಿಗೆಗೆ ಇಟ್ಟು ನೋಡುತ್ತೇನೆ. ಉಪ್ಪುಮೀನೇ ಗತಿಯಾದರೆ ತುಂಡು ಮಾಡಿ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಎರಡು ಬಾರಿ ನೀರು ಬದಲಿಸಿ, ಬೇಯಿಸಿ, ಆ ನೀರನ್ನೂ ಚೆಲ್ಲಿ, ಅಂದಂದಿಗೆ ಒಂದು ಕೋಳಿಗೆ ಬೆರಳ ತುದಿಯಷ್ಟು ಕೊಡಿ. ಆ ಮೀನನ್ನು ಮಿಶ್ರಣಕ್ಕೆ ಸೇರಿಸಬೇಡಿ.

ಮೀನಿಗೆ ಇಷ್ಟು ಬೆಲೆ ಏಕೆಂದರೆ ಮೆಥಿಯೊನಿನ್ ಅದರಲ್ಲಿ ಧಾರಾಳವಾಗಿದೆ. ಶೇಂಗಾ ಹಿಂಡಿಯಲ್ಲಿ ಪ್ರೊಟೀನ್ ಶೇ. 40 ದಾಟಿದರೂ ಮೆಥಿಯೊನಿನ್ ಕಡಿಮೆ. ಹಿಂಡಿಯೊಂದನ್ನೇ ನಂಬಿದರೆ ಕೋಳಿಯ ಮೈ ತುಂಬುತ್ತದೆ, ಪುಕ್ಕ ಮಾತ್ರ ನಿಧಾನ. ಮೀನು ಬೇಡವೆನ್ನುವವರು ಶೇಂಗಾ ಹಿಂಡಿಯ ಅರ್ಧಕ್ಕೆ ಎಳ್ಳು ಹಿಂಡಿ ಅಥವಾ ಸೂರ್ಯಕಾಂತಿ ಹಿಂಡಿ ಹಾಕಬಹುದು.

ಹಿಂಡಿಯ ಬಗ್ಗೆ ಬರೆಯುವಾಗ ನನ್ನ ಕೈ ಈಗಲೂ ತಡೆಯುತ್ತದೆ. ಹನ್ನೊಂದು ವರ್ಷದ ಹಿಂದೆ ಜುಲೈನಲ್ಲಿ ಒಂದು ಚೀಲ ಶೇಂಗಾ ಹಿಂಡಿ ತಂದು ಕೊಟ್ಟಿಗೆಯ ನೆಲದ ಮೇಲೆ ಇಟ್ಟಿದ್ದೆ. ಆಶ್ಲೇಷ, ಮಘೆಯ ಜಡಿಮಳೆ ಕಳೆದು ತೆಗೆದಾಗ ಅಂಚಿನಲ್ಲಿ ಹಸಿರು ಬೂಷ್ಟು ಹಿಡಿದಿತ್ತು. ದುಡ್ಡು ಕೊಟ್ಟದ್ದಲ್ಲವೇ ಎಂದು ಬೂಷ್ಟು ಕೆರೆದು, ಬೆಂಕಿಯ ಕಾವಿನಲ್ಲಿ ಒಣಗಿಸಿ ಹಾಕಿದೆ. ಮೂರು ವಾರದಲ್ಲಿ ಆರು ಕೋಳಿ ಸತ್ತವು. ಪಶು ಆಸ್ಪತ್ರೆಯ ವೈದ್ಯರು ಒಂದನ್ನು ಕೊಯ್ದು ಬಿಳಿಚಿ ಊದಿದ್ದ ಯಕೃತ್ತನ್ನು ತೋರಿಸಿದರು. ಆ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಕೆರೆದರೂ, ಕುದಿಸಿದರೂ, ಒಣಗಿಸಿದರೂ ಅದು ಹೋಗುವುದಿಲ್ಲ. ಅಂದಿನಿಂದ ನಾನು ಹಿಂಡಿಯನ್ನು ಒಮ್ಮೆಗೆ ನಾಲ್ಕು ಕಿಲೋಗಿಂತ ಹೆಚ್ಚು ತರುವುದಿಲ್ಲ. ತಂದದ್ದು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಮುಗ್ಗು ವಾಸನೆ ಬಂದರೆ ಗೊಬ್ಬರ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇನೆ, ದನಕ್ಕೂ ಹಾಕುವುದಿಲ್ಲ. ಇನ್ನೊಂದು ಎಚ್ಚರ: ಅಡಿಕೆ ಮರದ ಬುಡಕ್ಕೆಂದು ತಂದ ಹರಳು ಹಿಂಡಿ, ಹೊಂಗೆ ಹಿಂಡಿಯ ಚೀಲಗಳೂ ನಮ್ಮ ಮನೆಗಳಲ್ಲಿ ಇರುತ್ತವೆ. ಹರಳು ಹಿಂಡಿ ಕಡುವಿಷ. ಕೋಳಿಯ ಹಿಂಡಿಯನ್ನು ಇವುಗಳ ಜೊತೆ ಒಂದೇ ಕೋಣೆಯಲ್ಲಿ ಇಡಬೇಡಿ.

ಮನೆಯಲ್ಲೇ ಸಿಗುವ ಸಣ್ಣಪುಟ್ಟವೂ ಉಂಟು. ಹುರುಳಿ ಕಟ್ಟು ಬಸಿದ ಮೇಲೆ ಉಳಿಯುವ ಬೆಂದ ಕಾಳು ಒಳ್ಳೆಯದು. ಒಗ್ಗರಣೆಗೆ, ಉಪ್ಪಿಗೆ ಮೊದಲೇ ಎತ್ತಿಡಿ. ಹಸಿ ಹುರುಳಿ, ಹಸಿ ಸೋಯಾ ಬೇಡ, ಬೇಯಿಸದಿದ್ದರೆ ಪ್ರೊಟೀನ್ ಜೀರ್ಣವಾಗುವುದನ್ನೇ ಅವು ತಡೆಯುತ್ತವೆ. ಬಿರುಕು ಬಿಟ್ಟ ಮೊಟ್ಟೆಗಳನ್ನು ಗಟ್ಟಿಯಾಗಿ ಬೇಯಿಸಿ, ಹಿಸುಕಿ ಹಾಕಿ. ಒಂದರಲ್ಲಿ ಆರು ಗ್ರಾಂ ಪ್ರೊಟೀನ್, ಅದೂ ಪುಕ್ಕಕ್ಕೆ ಹೇಳಿ ಮಾಡಿಸಿದ್ದು. ಹಸಿಮೊಟ್ಟೆ ಹಾಕಿದರೆ ಮೊಟ್ಟೆ ಒಡೆದು ಕುಡಿಯುವ ಚಟ ಹತ್ತುತ್ತದೆ, ಮತ್ತೆ ಬಿಡಿಸಲಾಗದು. ನುಗ್ಗೆಸೊಪ್ಪು ಕೊಡಿ. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಗಿಡವನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಬೆಳೆಸಿದ್ದೇನೆ. ಆದರೆ ಹಸಿ ಅಜೋಲ್ಲಾದಲ್ಲಿ ಶೇ. 90ಕ್ಕೂ ಹೆಚ್ಚು ನೀರು. ಎರಡು ಕಿಲೋ ಹಾಕಿದರೂ ಸಿಗುವ ಪ್ರೊಟೀನ್ ಐದಾರು ಮೊಟ್ಟೆಯಷ್ಟೇ. ಸೊಪ್ಪಿನ ಬದಲಿಗೆ ಚೆನ್ನ, ಮೀನಿನ ಬದಲಿಗೆ ಅಲ್ಲ.

ನನಗೆ ಎಲ್ಲಕ್ಕಿಂತ ಪ್ರೀತಿ ಅತ್ತೆ ಕಲಿಸಿದ ಗೆದ್ದಲಿನ ಮಡಕೆ. ಬಾಯಿ ಅಗಲದ ಹಳೆಯ ಮಣ್ಣಿನ ಮಡಕೆಗೆ ಒಣ ಸಗಣಿ, ಹುಲ್ಲು, ಗೋಣಿಯ ಚೂರು ತುಂಬಿ, ನೀರು ಚಿಮುಕಿಸಿ, ಸಂಜೆ ಬ್ಯಾಣದಲ್ಲಿ ಗೆದ್ದಲು ಓಡಾಡುವ ಜಾಗದಲ್ಲಿ ಮೇಲುಮಣ್ಣನ್ನು ಸ್ವಲ್ಪ ಕೆದರಿ ಕವುಚಿ ಹಾಕಬೇಕು. ಬೆಳಿಗ್ಗೆ ಬಿಸಿಲು ಏರುವ ಮೊದಲು ಎತ್ತಿ ತಂದು ಅಂಗಳದಲ್ಲಿ ಕೊಡವಿದರೆ ಸಾವಿರಾರು ಹುಳ. ಕೆಂಚಿ ರೆಕ್ಕೆ ಬಿಚ್ಚಿಕೊಂಡು ಓಡಿಬರುವುದನ್ನು ನೋಡಬೇಕು. ಜಡಿಮಳೆಯಲ್ಲಿ ಇದು ಆಗುವುದಿಲ್ಲ, ನವರಾತ್ರಿಯ ನಂತರ ಚೆನ್ನಾಗಿ ಸಿಗುತ್ತದೆ. ದೊಡ್ಡ ಹುತ್ತಕ್ಕೆ ಕೈ ಹಾಕಬೇಡಿ, ಅದು ಹಾವಿನ ಮನೆಯೂ ಹೌದು, ನಾವು ಹಾಲೆರೆಯುವ ಜಾಗವೂ ಹೌದು. ಗೊಬ್ಬರ ಗುಂಡಿ ಮಗುಚುವಾಗ ಸಿಗುವ ಕುರುವಾಯಿ ದುಂಬಿಯ ದಪ್ಪ ಬಿಳಿ ಹುಳುಗಳನ್ನೂ ಕೋಳಿಗೆ ಹಾಕಿ, ತೆಂಗಿಗೂ ಉಪಕಾರ. ಗೆದ್ದಲಿಗೆ, ಬೇರುಹುಳುವಿಗೆ ಔಷಧಿ ಸುರಿದ ತೋಟದ ಹುಳ ಮಾತ್ರ ಬೇಡವೇ ಬೇಡ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ ಮೈಲುತುತ್ತದ ಹನಿ ಬಿದ್ದ ಸೊಪ್ಪನ್ನು ಕೊಯ್ಯಬೇಡಿ, ಕೋಳಿಗಳನ್ನೂ ತೋಟಕ್ಕೆ ಬಿಡಬೇಡಿ.

ಒಳ್ಳೆಯದೆಂದು ಅತಿ ಮಾಡಬಾರದು. ಹೆಚ್ಚಾದ ಪ್ರೊಟೀನ್ ಮೈಗೆ ಹತ್ತುವುದಿಲ್ಲ, ಮೂತ್ರಪಿಂಡಕ್ಕೆ ಹೊರೆಯಾಗಿ ಹಿಕ್ಕೆಯಲ್ಲಿ ಹೋಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಕಣ್ಣು ಉರಿಯುವಂತಹ ಘಾಟು ಹೊಡೆದರೆ ಮೀನು ಕಡಿಮೆ ಮಾಡಿ, ನೆಲಕ್ಕೆ ಹಾಸಿದ ಒಣ ದರಗು ಬದಲಿಸಿ. ನಾನು ನೆಲದಲ್ಲಿ ಪುಕ್ಕ ಕಂಡ ದಿನ ಮಿಶ್ರಣ ಆರಂಭಿಸುತ್ತೇನೆ. ಎಂಟರಿಂದ ಹನ್ನೆರಡು ವಾರ ಕೊಡಬೇಕಾಗುತ್ತದೆ, ಮುದಿ ಕೋಳಿಗೆ ಇನ್ನೂ ಹೆಚ್ಚು.

ಈ ದಿನಗಳಲ್ಲಿ ಕೋಳಿಯನ್ನು ಹಿಡಿಯಬೇಡಿ, ಮಕ್ಕಳಿಗೂ ಹೇಳಿ. ಹೊಸ ಮೊಳಕೆಯೊಳಗೆ ರಕ್ತ ಹರಿಯುತ್ತಿರುತ್ತದೆ, ಮುಟ್ಟಿದರೆ ನೋವು. ಮುರಿದರೆ ರಕ್ತ ಸುರಿಯುತ್ತದೆ, ರಕ್ತ ಕಂಡರೆ ಉಳಿದವು ಕುಕ್ಕಿ ಕೊಂದೇಬಿಡುತ್ತವೆ. ಹಾಗಾದರೆ ಅರಿಸಿನ ಒತ್ತಿ, ಬುಟ್ಟಿ ಕವುಚಿ, ಬೇರೆ ಇಡಿ. ಹೇನಿಗೆ ನೋಡುವುದಿದ್ದರೂ ಕತ್ತಲಾದ ಮೇಲೆ, ಅದು ಕೂತಲ್ಲೇ ನೋಡಿ. ಆರು ವಾರವಾದರೂ ಬೋಳು ಜಾಗದಲ್ಲಿ ಮೊಳಕೆಯೇ ಕಾಣದಿದ್ದರೆ, ಕೋಳಿ ಮೇವು ಬಿಟ್ಟಿದ್ದರೆ, ಅದು ಬರೀ ಆಹಾರದ ಕೊರತೆ ಇರಲಿಕ್ಕಿಲ್ಲ. ಪಶು ಆಸ್ಪತ್ರೆಗೆ ಒಯ್ಯಿರಿ.

ಈ ವರ್ಷ ಕೆಂಚಿಯ ಕತ್ತು ಭೂಮಿ ಹುಣ್ಣಿಮೆಗೆ ಮುಚ್ಚಿತು, ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಹೊತ್ತಿಗೆ ಬಾಲ ಬಂತು. ಮೊನ್ನೆಯಿಂದ ಕೊಟ್ಟಿಗೆಯ ಹುಲ್ಲಿನ ಮೂಲೆಯಲ್ಲಿ ಕೂತು ಎದ್ದು ಮಾಡುತ್ತಿದ್ದಾಳೆ. ಅವಳಿಗೆ ಇವತ್ತಿನಿಂದ ಮೀನು ಅರ್ಧ, ಇನ್ನೊಂದು ವಾರಕ್ಕೆ ಕಾಲು. ಮೊಟ್ಟೆಯ ಚಿಪ್ಪಿಗೆಂದು ಕಪ್ಪೆಚಿಪ್ಪಿನ ಪುಡಿಯ ತಟ್ಟೆಯನ್ನು ಮತ್ತೆ ಹೊರಗಿಟ್ಟಿದ್ದೇನೆ.