ಮನೆಯಲ್ಲಿ ಜಾಗ ಖಾಲಿ ಬಿಡುವುದು ಹೇಗೆ

ಮೊದಲು ಬೆಳಕು ಎಲ್ಲಿಂದ ಬರುತ್ತದೆ ನೋಡಿ. ಒಂದು ಭಾನುವಾರ ನಾನು ನಮ್ಮ ಹಾಲ್‌ನಲ್ಲಿ ಗಂಟೆಗೊಮ್ಮೆ ಬಿಸಿಲಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದೆ. ಹತ್ತು ಗಂಟೆಯ ಗೆರೆ ಶೋಕೇಸ್ ಹಿಂದೆ ಮಾಯವಾಯಿತು. ಅಂದೇ ಶೋಕೇಸ್ ಹೊರಗೆ ಹೋಯಿತು.

ಜಪಾನಿನ ವಾಸ್ತುಶಿಲ್ಪಿ ತಡಾವೊ ಆಂಡೊ 1976ರಲ್ಲಿ ಒಸಾಕಾದ ಸುಮಿಯೋಶಿಯಲ್ಲಿ ಕಟ್ಟಿದ ಕಾಂಕ್ರೀಟ್ ಮನೆ ನನಗೆ ಬಹಳ ಇಷ್ಟ. ಜಾಗ ಇಕ್ಕಟ್ಟು. ಆದರೂ ನಡುವಿನ ಮೂರನೇ ಒಂದು ಭಾಗವನ್ನು ಆಕಾಶಕ್ಕೇ ಬಿಟ್ಟರು. ಮಳೆ ಬಂದರೆ ಮಲಗುವ ಕೋಣೆಯಿಂದ ಬಚ್ಚಲಿಗೆ ಕೊಡೆ ಹಿಡಿದೇ ಹೋಗಬೇಕು! ನಮ್ಮ ತೊಟ್ಟಿಮನೆ ನೆನಪಾಗುತ್ತದೆ, ಅಲ್ವಾ?

ಸುಮ್ನೆ ಎಲ್ಲದಕ್ಕೂ ಬಿಳಿ ಬಳಿಯಬೇಡಿ. ಸುಣ್ಣ, ಕೆಂಪು ನೆಲ, ಮರ, ಮೂರೇ ಸಾಕು. ಬೀರು ಗೋಡೆಯೊಳಗೇ ಇರಲಿ. ಸಾಮಾನಿಗೆ ಜಾಗವಿಲ್ಲದಿದ್ದರೆ ಖಾಲಿ ಹಾಲ್ ವಾರದಲ್ಲೇ ತುಂಬಿಬಿಡುತ್ತದೆ. ಅಜ್ಜಿಯ ಒರಳುಕಲ್ಲನ್ನು ಮಾತ್ರ ನಾನು ತೆಗೆಯಲಿಲ್ಲ. ಅದರಲ್ಲಿ ಇಂದಿಗೂ ಚಟ್ನಿ ರುಬ್ಬುತ್ತೇವೆ.